ಮೂರು ರೂಪಾಯಿ ಎಲ್ಲಿಂದ ಬಂತು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಚಿಂತಾಮಣಿಯ ವರ್ತಕರೊಬ್ಬರು ಸಾಫ್ಟ್‌ವೇರ್‌ನವರ ಮೇಲೆ ಹರಿಹಾಯ್ದಿದ್ದನ್ನು ಓದಿದೆ. ಚೆನ್ನಾಗಿ ನಡೆಯುತ್ತಿದ್ದ ಬಿಲ್ಲಿಂಗ್ ಪ್ರೋಗ್ರಾಮನ್ನು ಹೊಸ ವರ್ಷನ್ ಅಂತ ಹೇಳಿ ಕೆಡಿಸುತ್ತಾರೆ, ಕೆಟ್ಟದ್ದನ್ನು ರಿಪೇರಿ ಮಾಡಲು ಮತ್ತೆ ದುಡ್ಡು ಕೇಳುತ್ತಾರೆ, ಇದು ಹಗಲು ದರೋಡೆ ಅಂದಿದ್ದಾರೆ. ಅವರು ಬೈದವರ ಪೈಕಿ ನಾನೂ ಒಬ್ಬ. ಅವರ ಮಾತು ಅರ್ಧ ನಿಜ. ಆ ಅರ್ಧ ಯಾವುದು ಅಂತ ಒಪ್ಪಿಕೊಳ್ಳುವುದಕ್ಕೇ ಈ ಪತ್ರ. ಉದ್ದವಾಯಿತು ಅನಿಸಿದರೆ ಕತ್ತರಿಸಿ, ಮೂರು ರೂಪಾಯಿ ವಿಷಯ ಮಾತ್ರ ಬಿಡಬೇಡಿ.

ಕೋಲಾರದ ಕ್ಲಾಕ್ ಟವರ್ ಹತ್ತಿರ, ಬೇಕರಿಯೊಂದರ ಮಹಡಿ ಮೇಲೆ ಎರಡು ಮೇಜಿನ ಆಫೀಸು ನಮ್ಮದು. ನಾನು, ನನ್ನ ಜೊತೆ ಒಬ್ಬ ಹುಡುಗ. ನಮ್ಮಪ್ಪ ಟೊಮೆಟೊ ಮಂಡಿಯಲ್ಲಿ ಗುಮಾಸ್ತರಾಗಿ ಮೂವತ್ತು ವರ್ಷ ಲೆಕ್ಕ ಬರೆದವರು. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, 2015ರಲ್ಲಿ, ಅವರು ಕೈಯಲ್ಲಿ ಬರೆಯುತ್ತಿದ್ದ ಪಟ್ಟಿಯನ್ನೇ ಕಂಪ್ಯೂಟರ್‌ಗೆ ಇಳಿಸಿದೆ. ಪಟ್ಟಿ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೈತ ತಂದ ಮಾಲು ಹರಾಜಾದ ಮೇಲೆ ಎಷ್ಟು ಬಾಕ್ಸು, ಯಾವ ಲಾಟು ಏನು ರೇಟಿಗೆ ಹೋಯಿತು, ಗಾಡಿ ಬಾಡಿಗೆ ಎಷ್ಟು, ಹಮಾಲಿ ಎಷ್ಟು, ಮೊದಲೇ ಕೊಟ್ಟ ಮುಂಗಡದಲ್ಲಿ ಎಷ್ಟು ಮುರಿದುಕೊಂಡರು, ಕೊನೆಗೆ ಕೈಗೆ ಬರುವುದೆಷ್ಟು ಅಂತ ಬರೆದ ಚೀಟಿ. ಅದನ್ನು ಜೇಬಿಗಿಟ್ಟುಕೊಂಡು ರೈತ ಬಸ್ ಹತ್ತುತ್ತಾನೆ. ಅದರಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ಮಾರನೇ ದಿನ ಮಂಡಿ ಮುಂದೆ ಮಾತು ಬೆಳೆಯುತ್ತದೆ. ಇವತ್ತು ಹನ್ನೊಂದು ಮಂಡಿಗಳಲ್ಲಿ ನಮ್ಮ ಪ್ರೋಗ್ರಾಂ ಇದೆ.

ಅದನ್ನು ನಾನು ಮೊದಲಿಂದ ಕೊನೆವರೆಗೆ ಸ್ವಂತವಾಗಿ ಬರೆದದ್ದಲ್ಲ. ಜಾಂಗೋ ಅಂತ ಒಂದು ಫ್ರೇಮ್‌ವರ್ಕ್ ಇದೆ, ಪೈಥಾನ್ ಭಾಷೆಯದ್ದು. ಲಾಗಿನ್ ಆಗುವುದು, ಡೇಟಾಬೇಸ್‌ನಲ್ಲಿ ಬರೆದಿಡುವುದು, ಪುಟ ತೋರಿಸುವುದು, ಹೀಗೆ ಎಲ್ಲರಿಗೂ ಬೇಕಾಗುವ ಕೆಲಸವನ್ನೆಲ್ಲ ಅದು ಮೊದಲೇ ಮಾಡಿಟ್ಟಿರುತ್ತದೆ. ಮಂಡಿಯ ಲೆಕ್ಕದಷ್ಟು ಮಾತ್ರ ನನ್ನದು. ಪತ್ರಿಕೆಯವರಾದ ನಿಮಗೆ ಖುಷಿ ಕೊಡುವ ಸಂಗತಿ ಅಂದರೆ, ಅದು ಹುಟ್ಟಿದ್ದೇ ಒಂದು ದಿನಪತ್ರಿಕೆಯ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅದನ್ನು ಕಟ್ಟಲು ಶುರು ಮಾಡಿದರು. 2005ರಲ್ಲಿ ಅದು ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಸುದ್ದಿಮನೆಯ ಅವಸರಕ್ಕೆ ಹುಟ್ಟಿದ್ದು ಮಂಡಿಯ ಅವಸರಕ್ಕೂ ಒಗ್ಗಿತು.

ನಾನು ಬರೆಯಲು ಕೂತಾಗ ಜಾಂಗೋ 1.8 ಆಗ ತಾನೇ ಬಂದಿತ್ತು. ಅದಕ್ಕೆ ಮೂರು ವರ್ಷ ನಿಗಾ ಇರುತ್ತದೆ, ಕಳ್ಳರು ನುಗ್ಗುವಂಥ ತೂತು ಕಂಡರೆ ಮುಚ್ಚಿಕೊಡುತ್ತೇವೆ ಅಂತ ಅದನ್ನು ಮಾಡಿದವರೇ ಹೇಳಿದ್ದರು. 2018ರ ಏಪ್ರಿಲ್‌ಗೆ ಆ ಗಡುವು ಮುಗಿಯಿತು. ನಾನು ಕದಲಲಿಲ್ಲ. 2020ರ ಜನವರಿ 1ಕ್ಕೆ, ನಾನು ಬಳಸಿದ್ದ ಪೈಥಾನ್ 2 ಅನ್ನೇ ಅದನ್ನು ಮಾಡಿದವರು ಕೈಬಿಟ್ಟರು. ಪೈಥಾನ್ 3 ಬಂದು ಅಷ್ಟೊತ್ತಿಗೆ ಹನ್ನೊಂದು ವರ್ಷ ಆಗಿತ್ತು. ಆಗಲೂ ಕದಲಲಿಲ್ಲ. ಪ್ರೋಗ್ರಾಂ ಓಡುತ್ತಿತ್ತು, ಪಟ್ಟಿ ಬರುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಕೇಳದಿದ್ದಕ್ಕೆ ಕಾರಣವೂ ನಾನೇ. 2015ರಲ್ಲಿ ಮಂಡಿಯವರಿಗೆ ಮಾರುವಾಗ 'ಒಂದು ಸಲ ದುಡ್ಡು ಕೊಟ್ಟರೆ ಸಾಕಣ್ಣ, ಮತ್ತೆ ಕೇಳಲ್ಲ' ಅಂದಿದ್ದೆ. ಹಾಗೆ ಹೇಳದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

2023ರ ಜುಲೈ ನೆನಪಿರಬೇಕು. 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಹಾಕುತ್ತಿದ್ದರು. ಆ ದಿನಗಳಲ್ಲೇ ಮಂಡಿಯವರು 'ಪಟ್ಟೀನ ರೈತರ ವಾಟ್ಸಾಪ್‌ಗೆ ಕಳಿಸೋ ಹಂಗೆ ಮಾಡಿಕೊಡು' ಅಂದರು. ಸುಲಭದ ಕೆಲಸ ಅಂದುಕೊಂಡು ಕೂತರೆ, ಅದಕ್ಕೆ ಬೇಕಾದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಯಾವುದೂ ಪೈಥಾನ್ 2ರಲ್ಲಿ ಇನ್ಸ್ಟಾಲ್ ಆಗಲಿಲ್ಲ. ಇನ್ಸ್ಟಾಲ್ ಮಾಡುವ ಪಿಪ್ ಅನ್ನುವ ಸಾಧನವೇ 2021ರಿಂದ ಪೈಥಾನ್ 2ರ ಕೈಬಿಟ್ಟಿತ್ತು. ಎಂಟು ವರ್ಷ ಕದಲದೆ ಕೂತವನಿಗೆ ಸುತ್ತಲಿನ ಊರೇ ಖಾಲಿಯಾಗಿದ್ದು ಅವತ್ತು ಕಂಡಿತು.

ಸೀಸನ್ ಮುಗಿಯುವವರೆಗೆ ಕೈ ಹಾಕುವ ಹಾಗಿರಲಿಲ್ಲ. ನವೆಂಬರ್‌ನಲ್ಲಿ ಹೊಸ ವರ್ಷನ್‌ಗೆ ಹತ್ತಿಸಲು ಶುರು ಮಾಡಿದೆ, ಹನ್ನೊಂದು ವಾರ ಹಿಡಿಯಿತು. ಮೊದಲ ದಿನ ಧೈರ್ಯ ಮಾಡಿ ನೇರವಾಗಿ ಹೊಸ ಜಾಂಗೋ 4.2ಕ್ಕೆ ನೆಗೆದು ನೋಡಿದೆ. ಪರದೆ ತುಂಬ ಕೆಂಪು ಅಕ್ಷರ. ಒಂದನ್ನು ಸರಿ ಮಾಡಿದರೆ ಅದರ ಹಿಂದಿನಿಂದ ನಾಲ್ಕು. ಯಾವುದು ಪೈಥಾನ್‌ನಿಂದ ಮುರಿದದ್ದು, ಯಾವುದು ಜಾಂಗೋದಿಂದ, ಯಾವುದು ನನ್ನ ಹಳೆಯ ಪಾಪ ಅಂತಲೇ ತಿಳಿಯಲಿಲ್ಲ. ಎಲ್ಲ ಅಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ. 1.8ರಿಂದ 1.11ಕ್ಕೆ. ಪೈಥಾನ್ 2 ಮತ್ತು 3 ಎರಡರಲ್ಲೂ ಓಡುವ ಕೊನೆಯ ಜಾಂಗೋ ಅದು, ಹಾಗಾಗಿ ಪೈಥಾನ್ ಬದಲಿಸಿದ್ದು ಅಲ್ಲಿ ನಿಂತುಕೊಂಡೇ. ಅಲ್ಲಿಂದ 2.2, 3.2, 4.2. ಇವೆಲ್ಲ ದೀರ್ಘಾವಧಿ ನಿಗಾ ಇರುವ ವರ್ಷನ್‌ಗಳು, ಸರ್ಕಾರಿ ಬಸ್ ನಿಲ್ಲುವ ನಿಲ್ದಾಣಗಳ ಹಾಗೆ. ನಡುವೆ ಎಲ್ಲೆಂದರಲ್ಲಿ ಇಳಿದರೆ ಮುಂದಿನ ಬಸ್ಸಿಗೆ ಪರದಾಡಬೇಕು.

ಇನ್ನು ನನಗೆ ನಿಜವಾಗಿ ನಾಚಿಕೆಯಾದ ವಿಷಯ. ಜಾಂಗೋದವರು ಏನನ್ನೂ ಇದ್ದಕ್ಕಿದ್ದಂತೆ ಕಿತ್ತುಹಾಕುವುದಿಲ್ಲ. ಒಂದು ವರ್ಷನ್‌ನಲ್ಲಿ 'ಇದು ಹೋಗಲಿದೆ' ಅಂತ ಎಚ್ಚರಿಕೆ ಕೊಟ್ಟು, ಎರಡು ವರ್ಷನ್ ಕಾದು, ಆಮೇಲೆ ತೆಗೆಯುತ್ತಾರೆ. ಎಚ್ಚರಿಕೆಯ ಹೆಸರೇ 'ರಿಮೂವ್ಡ್ ಇನ್ ಜಾಂಗೋ 20 ವಾರ್ನಿಂಗ್'. 2.0ರಲ್ಲಿ ಇರುವುದಿಲ್ಲ ಅಂತ ಹೆಸರಲ್ಲೇ ತಾರೀಖು ಕೂಗಿ ಹೇಳುತ್ತದೆ. ಆದರೆ ಪೈಥಾನ್ ಆ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತಾನಾಗಿ ತೋರಿಸುವುದಿಲ್ಲ. ಓಡಿಸುವಾಗ ಡಬ್ಲ್ಯೂ, ಎ ಅಂತ ಎರಡು ಅಕ್ಷರದ ಸೂಚನೆ ಕೊಟ್ಟರೆ ಎಲ್ಲ ಸಾಲಾಗಿ ಬರುತ್ತವೆ. 1.11ಕ್ಕೆ ಬಂದು ಮೊದಲ ಸಲ ಹಾಗೆ ಓಡಿಸಿದೆ. 214 ಎಚ್ಚರಿಕೆ. ನಮ್ಮ ಹುಡುಗ ಎಣಿಸಿದ್ದು.

ಮುರಿಯುವುದರಲ್ಲಿ ಎರಡು ಬಗೆ ಇದೆ. ಕೂಗಿಕೊಂಡು ಮುರಿಯುವುದು ಒಂದು, ಸದ್ದಿಲ್ಲದೆ ಮುರಿಯುವುದು ಇನ್ನೊಂದು. ಕೂಗುವುದರಿಂದ ತಲೆನೋವು ಬರುತ್ತದೆ, ನಷ್ಟ ಇಲ್ಲ. ಒಮ್ಮೊಮ್ಮೆ ಲಾಭವೇ. ಹಳೆಯ ಜಾಂಗೋದಲ್ಲಿ ಪಟ್ಟಿಯನ್ನು ರೈತನ ಖಾತೆಗೆ ಜೋಡಿಸಿದರೆ, ಆ ಖಾತೆ ಅಳಿಸಿದಾಗ ಅವನ ಪಟ್ಟಿಗಳೆಲ್ಲ ತಾವಾಗಿಯೇ ಅಳಿಸಿಹೋಗುತ್ತಿದ್ದವು. 2.0ರಿಂದ ಅದು ನಡೆಯುವುದಿಲ್ಲ. ಖಾತೆ ಅಳಿಸಿದರೆ ಪಟ್ಟಿಯನ್ನು ಏನು ಮಾಡಲಿ ಅಂತ ನಾವೇ ಬರೆದು ಹೇಳಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಶುರುವಾಗುವುದೇ ಇಲ್ಲ. 38 ಕಡೆ ಅದನ್ನು ತುಂಬುತ್ತಾ ಕೂತಾಗ ಹಲ್ಲು ಕಡಿದೆ. ಆಮೇಲೆ ನೆನಪಾಯಿತು: 2017ರಲ್ಲಿ ಒಂದು ಮಂಡಿಯಲ್ಲಿ ಒಬ್ಬನೇ ರೈತನ ಹೆಸರು ಎರಡು ಸಲ ಇದೆ ಅಂತ ಒಂದನ್ನು ಅಳಿಸಿ, ಅದರ ಜೊತೆ ಎರಡು ವರ್ಷದ ಪಟ್ಟಿಗಳು ಮಾಯವಾಗಿದ್ದವು. ನಾನು ಆಗ ಕರೆಂಟ್ ಹೋಗಿ ಬಂದಿದ್ದಕ್ಕೆ ಹಾಗಾಯಿತು ಅಂದಿದ್ದೆ. ಈಗ 38 ಕಡೆಯಲ್ಲೂ 'ಪಟ್ಟಿ ಇದ್ದರೆ ಅಳಿಸಬೇಡ' ಅಂತ ಬರೆದಿದೆ. 2015ರಲ್ಲೇ ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಅದು.

ಕನ್ನಡದ ಹೆಸರುಗಳದ್ದೂ ಹಾಗೇ. 'ಚೌಡಪ್ಪ' ಅನ್ನುವ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ. ಪೈಥಾನ್ 3ರ ಲೆಕ್ಕಕ್ಕೆ ಆರು. ಔತ್ವ, ಒತ್ತಿಗೆ ಬರುವ ವಿರಾಮ ಎಲ್ಲ ಬೇರೆ ಬೇರೆ. ಪೈಥಾನ್ 2ರಲ್ಲಿ ನಾನು ಬರೆದಿದ್ದ ರೀತಿಗೆ ಹದಿನೆಂಟು, ಒಂದೊಂದಕ್ಕೂ ಮೂರು ಬೈಟ್, ಅಂದರೆ ಮೂರು ಮನೆ. ಪಟ್ಟಿಯಲ್ಲಿ ಹೆಸರಿಗೆ ಇಪ್ಪತ್ತನಾಲ್ಕು ಮನೆ ಇಟ್ಟಿದ್ದೆ, ಅದಕ್ಕೇ ಎಂಟು ವರ್ಷ ವೆಂಕಟೇಶಪ್ಪನವರೆಲ್ಲ 'ವೆಂಕಟೇಶಪ' ಆಗಿ ಮನೆಗೆ ಹೋದರು. ಒತ್ತು ಕೊಡದ ಪ್ರಿಂಟರ್ ಅಂತ ಅವರು ನಕ್ಕು ಸುಮ್ಮನಿದ್ದರು. ಪೈಥಾನ್ 3ಕ್ಕೆ ಬಂದಾಗ ಅವರ ಪಕಾರ ಪೂರ್ತಿಯಾಯಿತು.

ಸದ್ದಿಲ್ಲದೆ ಮುರಿದದ್ದರ ಕಥೆ ಬೇರೆ. ಪ್ರೋಗ್ರಾಮನ್ನು ಪರೀಕ್ಷಿಸುವ ಟೆಸ್ಟುಗಳನ್ನು ನಾನು ಬರೆದಿಟ್ಟವನಲ್ಲ. ಹಾಗಾಗಿ 2022ರ ಜುಲೈನ ಒಂದು ವಾರದ ಪಟ್ಟಿ ತೆಗೆದುಕೊಂಡೆ, 3,112 ಇದ್ದವು. ಹಳೆಯದರಲ್ಲೂ ಹೊಸದರಲ್ಲೂ ಅವನ್ನೇ ಓಡಿಸಿ, ಬಂದ ಮೊತ್ತವನ್ನು ಪಕ್ಕಪಕ್ಕ ಇಟ್ಟು ನೋಡಿದೆ. 41ರಲ್ಲಿ ವ್ಯತ್ಯಾಸ. ಎಲ್ಲದರಲ್ಲೂ ಒಂದೇ ರೂಪಾಯಿ, ಎಲ್ಲದರಲ್ಲೂ ರೈತನಿಗೇ ಕಮ್ಮಿ. ಬಾಕ್ಸಿಗೆ ಎರಡೂವರೆ ರೂಪಾಯಿ ಹಮಾಲಿ ಹಿಡಿಯುವ ಒಂದೇ ಮಂಡಿಯ ಪಟ್ಟಿಗಳವು. ರೈತನ ಕೈಗೆ ಬರುವ ಮೊತ್ತದಲ್ಲಿ ಐವತ್ತು ಪೈಸೆ ಬಂದರೆ ಪೈಥಾನ್ 2 ಯಾವಾಗಲೂ ಮೇಲಕ್ಕೆ ಹಾಕುತ್ತಿತ್ತು. ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ತರುತ್ತದೆ. 846 ರೂಪಾಯಿ 50 ಪೈಸೆ ಹಿಂದೆ 847 ಆಗುತ್ತಿತ್ತು, ಈಗ 846. 847 ರೂಪಾಯಿ 50 ಪೈಸೆ ಮಾತ್ರ ಎರಡರಲ್ಲೂ 848. ಲೆಕ್ಕಶಾಸ್ತ್ರದಲ್ಲಿ ಅದಕ್ಕೆ ಸರಿಯಾದ ಕಾರಣವೇ ಇದೆ, ಸಾವಿರಾರು ಸಂಖ್ಯೆ ಕೂಡಿದಾಗ ಮೊತ್ತ ಒಂದೇ ಕಡೆಗೆ ವಾಲುವುದಿಲ್ಲ. ಆದರೆ ಆ ಕಾರಣವನ್ನು ಬೆಳಗಿನ ಜಾವ ಮಂಡಿಯಲ್ಲಿ ಒಬ್ಬ ರೈತನಿಗೆ ಹೇಳಿ ನೋಡಿ! ದುಡ್ಡಿನ ಲೆಕ್ಕಕ್ಕೆಂದೇ ಇರುವ ಡೆಸಿಮಲ್ ಅನ್ನು ಬಳಸಿ, ಐವತ್ತು ಪೈಸೆ ಯಾವಾಗಲೂ ಮೇಲಕ್ಕೇ ಅಂತ ಕಟ್ಟಿಹಾಕಿದೆ. 3,112ಕ್ಕೆ 3,112 ತಾಳೆಯಾಯಿತು. ಮೀಸೆ ತಿರುವಿಕೊಂಡು ಹನ್ನೊಂದು ಮಂಡಿಗೂ ಹಾಕಿದೆ.

ನಾಲ್ಕನೇ ದಿನ ಒಂದು ಮಂಡಿಯಿಂದ ಫೋನು. ಅಲ್ಲಿನ ಗುಮಾಸ್ತರಿಗೆ ಎಪ್ಪತ್ತರ ಮೇಲೆ ವಯಸ್ಸು, ಅಪ್ಪನ ಜೊತೆ ಕೂತು ಲೆಕ್ಕ ಬರೆದವರು. ಕಂಪ್ಯೂಟರ್ ಬಂದ ಮೇಲೂ ಉದ್ದನೆಯ ಪುಸ್ತಕ ಬಿಟ್ಟಿಲ್ಲ.

'ಏನಪ್ಪ, ಹಮಾಲಿ ಹಾಳೇಲಿ ಮೂರು ರೂಪಾಯಿ ಎಲ್ಲಿಂದ ಬಂತು?'

'ಎಲ್ಲ ಸರಿಯಾಗಿ ನೋಡಿದ್ದೀನಲ್ಲ ಮಾವ.'

'ನೀನು ನೋಡಿದ್ದು ಪಟ್ಟಿ. ನಾನು ಹೇಳ್ತಿರೋದು ಹಮಾಲಿ ಹಾಳೆ.'

ಅವತ್ತಿನ ಹಮಾಲಿ ಮೊತ್ತ 1,348. ಐದು ಜನರ ತಂಡ. ಹಳೆಯ ಪ್ರೋಗ್ರಾಂ ತಲೆಗೆ 269 ಹಂಚಿ, ಮಿಕ್ಕ 3 ರೂಪಾಯಿ ಮೇಸ್ತ್ರಿಗೆ ಸೇರಿಸುತ್ತಿತ್ತು. ಪೈಥಾನ್ 2ರಲ್ಲಿ ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಪೈಸೆ ಉದುರಿಹೋಗುತ್ತಿತ್ತು. ಪೈಥಾನ್ 3ರಲ್ಲಿ ಉದುರುವುದಿಲ್ಲ. ತಲೆಗೆ 269 ರೂಪಾಯಿ 60 ಪೈಸೆ ಹಂಚಿ 1,348 ಪೂರ್ತಿ ಮುಗಿಸಿತು, ಆಮೇಲೆ ಅಭ್ಯಾಸದ ಹಾಗೆ ಮೇಸ್ತ್ರಿಗೆ ಇನ್ನೂ 3 ಕೊಟ್ಟಿತು. 1,351. ಕೆಂಪು ಅಕ್ಷರ ಇಲ್ಲ, ಎಚ್ಚರಿಕೆ ಇಲ್ಲ, ಮೇಸ್ತ್ರಿ ದೂರು ಕೊಡುವ ಮಾತೇ ಇಲ್ಲ. ಭಾಗಾಕಾರದ ಗೆರೆ ಒಂದಿದ್ದ ಕಡೆ ಎರಡು ಹಾಕಿದರೆ ಹಳೆಯ ರೀತಿಗೇ ಬರುತ್ತದೆ, ಅಷ್ಟೇ ರಿಪೇರಿ. ಹೊಟ್ಟೆ ಉರಿದದ್ದು ಇದಕ್ಕೆ: ಹೊಸ ಭಾಗಾಕಾರ ಬೇಕಾದವರು ಮೊದಲೇ ರೂಢಿ ಮಾಡಿಕೊಳ್ಳಲಿ ಅಂತ 2001ರ ಪೈಥಾನ್ 2.2ರಲ್ಲೇ ಒಂದು ದಾರಿ ಇಟ್ಟಿದ್ದರು. ಅದರ ಹೆಸರೇ 'ಫ್ಯೂಚರ್'. ಫೈಲಿನ ಮೊದಲ ಸಾಲಿನಲ್ಲಿ ಅದನ್ನೊಂದು ಬರೆದಿದ್ದರೆ 2015ರಲ್ಲೇ ಈ ತಪ್ಪು ಬಯಲಾಗುತ್ತಿತ್ತು.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ನಕ್ಕು, 'ನಯಾ ಪೈಸೆ ಬಂದಾಗಲೂ ಹಿಂಗೇ' ಅಂದರು. 1957ರ ಏಪ್ರಿಲ್ 1ಕ್ಕೆ ಹದಿನಾರಾಣೆಯ ರೂಪಾಯಿ ನೂರು ಪೈಸೆಯಾದಾಗ ಅವರಿಗೆ ಒಂಬತ್ತು ವರ್ಷ. ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರ ಜೇಬಿಗೆ ಹೋಗಬೇಕು ಅಂತ ಅಂಗಡಿ ಮುಂದೆ ಜಗಳ. ಹಳೆ ನಾಣ್ಯ, ಹೊಸ ನಾಣ್ಯ ಕೆಲವು ವರ್ಷ ಒಟ್ಟಿಗೇ ಓಡಿದವು. 'ನಯಾ' ಅನ್ನುವ ಪದವನ್ನು ನಾಣ್ಯದಿಂದ ತೆಗೆದದ್ದು 1964ರಲ್ಲಿ. ಎಂಟಾಣೆ ಅನ್ನುವ ಹೆಸರು ಐವತ್ತು ಪೈಸೆಗೆ ಇವತ್ತಿಗೂ ಅಂಟಿಕೊಂಡಿದೆ. ಒಂದು ದೇಶದ ದುಡ್ಡನ್ನೇ ಹೊಸ ವರ್ಷನ್‌ಗೆ ಹತ್ತಿಸುವಾಗ 'ನಯಾ' ಅನ್ನುವ ಗುರುತನ್ನು ಏಳು ವರ್ಷ ಉಳಿಸಿಕೊಂಡರು.

ಎಲ್ಲ ಫ್ರೇಮ್‌ವರ್ಕ್‌ನವರೂ ಅಷ್ಟು ತಾಳ್ಮೆಯವರಲ್ಲ, ಚಿಂತಾಮಣಿಯವರ ಸಿಟ್ಟಿಗೆ ಅಲ್ಲಿ ಅರ್ಥವಿದೆ. ಆಂಗ್ಯುಲರ್‌ಜೆಎಸ್ ಅಂತ ಒಂದಿತ್ತು. 2016ರಲ್ಲಿ ಅದರ ಎರಡನೇ ವರ್ಷನ್ ಬಂದಾಗ ಹೆಸರು ಬಿಟ್ಟರೆ ಬಹುಪಾಲು ಬೇರೆಯೇ ಆಗಿತ್ತು. ಎರಡನ್ನೂ ಜೊತೆಗಿಟ್ಟು ನಿಧಾನವಾಗಿ ಸಾಗಿಸುವ ದಾರಿ ಕೊಟ್ಟಿದ್ದರು, ಹಳೆಯದಕ್ಕೆ 2021ರ ಕೊನೆಯವರೆಗೆ ನಿಗಾ ಇತ್ತು. ಆದರೂ ಮಾಲೂರಿನ ನನ್ನ ಸ್ನೇಹಿತ ಕೂಡಿ ಕಳೆದು ನೋಡಿ, ಸಾಗಿಸುವುದಕ್ಕಿಂತ ಹೊಸದಾಗಿ ಬರೆಯುವುದೇ ಅಗ್ಗ ಅಂತ ಎಲ್ಲವನ್ನೂ ಬರೆದ. ಗಿರಾಕಿಯ ಕಣ್ಣಿಗೆ ಪರದೆ ಮೊದಲಿನ ಹಾಗೇ ಕಾಣುತ್ತಿತ್ತು. 'ಏನು ಬದಲಾಯಿತು ಅಂತ ದುಡ್ಡು ಕೇಳ್ತೀಯ?' ಅಂದರೆ ಅವನ ಬಳಿ ತೋರಿಸಲು ಏನೂ ಇರಲಿಲ್ಲ.

ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ, ಹೆಸರು ಬೇಡ, ಷೇರುದಾರರ ಲೆಕ್ಕದ ಪ್ರೋಗ್ರಾಂ ಒಂದು ಬೆಳಿಗ್ಗೆ ನಿಂತಿತು ಅಂತ ನನ್ನನ್ನು ಕರೆದರು. ಪಿಎಚ್‌ಪಿ ಅನ್ನುವ ಇನ್ನೊಂದು ಭಾಷೆಯ ಹಳೆಯ 5ನೇ ವರ್ಷನ್‌ನಲ್ಲಿ ಬರೆದದ್ದು. ಡೇಟಾಬೇಸ್ ಜೊತೆ ಮಾತಾಡಲು ಅದರಲ್ಲಿದ್ದ ಆಜ್ಞೆಗಳನ್ನು 2015ರ ಕೊನೆಗೆ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದರು. ಸರ್ವರ್ ಬಾಡಿಗೆಗೆ ಕೊಟ್ಟವರು ಹಳೆಯದನ್ನು ನಿಲ್ಲಿಸಿದ ದಿನ ಇವರ ಕಥೆ ಮುಗಿಯಿತು. ಬರೆದುಕೊಟ್ಟವರು ಫೋನ್ ಎತ್ತುತ್ತಿಲ್ಲ. ಆವತ್ತಿನ ಕೊಟೇಶನ್ ತರಿಸಿ ನೋಡಿದೆ. ಬೆಲೆ ಇದೆ, ಒಂದು ವರ್ಷದ ಸರ್ವಿಸ್ ಇದೆ. ಯಾವ ಭಾಷೆ, ಯಾವ ವರ್ಷನ್, ಅದಕ್ಕೆ ಎಲ್ಲಿಯವರೆಗೆ ನಿಗಾ, ಆಮೇಲೆ ಹೊಸದಕ್ಕೆ ಹತ್ತಿಸುವವರು ಯಾರು, ಯಾರ ಖರ್ಚಿನಲ್ಲಿ, ಒಂದೂ ಇಲ್ಲ. ಕೇಳಿದವರಿಗೆ ಕೇಳಬೇಕು ಅಂತ ಗೊತ್ತಿರಲಿಲ್ಲ. ಹೇಳಬೇಕಾದವನು ನನ್ನ ಹಾಗೆ 'ಒಂದು ಸಲ ಕೊಟ್ಟರೆ ಸಾಕು' ಅಂದಿರಬೇಕು.

ಅದಕ್ಕೆ ನಿಮ್ಮ ಪತ್ರಿಕೆಯ ಮೂಲಕ ಸಹಕಾರ ಸಂಘಗಳವರನ್ನು, ಶಾಲೆಗಳವರನ್ನು, ಮಂಡಿಯವರನ್ನು ಕೇಳಿಕೊಳ್ಳುವುದು ಇಷ್ಟು. ಟ್ರ್ಯಾಕ್ಟರ್ ಕೊಳ್ಳುವಾಗ ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಲ್ಲ, ಹಾಗೇ ಯಾವ ಭಾಷೆಯ ಯಾವ ವರ್ಷನ್, ಎಲ್ಲಿಯವರೆಗೆ ನಿಗಾ, ಹತ್ತಿಸುವವರು ಯಾರು, ಖರ್ಚು ಯಾರದು, ಈ ನಾಲ್ಕು ಸಾಲು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡುವವನ ಹತ್ತಿರ ಕೊಳ್ಳಬೇಡಿ. ವರ್ಷಕ್ಕಿಷ್ಟು ಅಂತ ಸ್ವಲ್ಪ ದುಡ್ಡನ್ನೂ ಅದಕ್ಕೇ ಎತ್ತಿಡಿ. ವರ್ಷವರ್ಷ ಒಂದು ಮೆಟ್ಟಿಲು ಹತ್ತಿದ್ದರೆ ನನಗೆ ಒಂದು ವಾರದ ಕೆಲಸ. ಎಂಟು ವರ್ಷದ್ದನ್ನು ಒಟ್ಟಿಗೆ ಹತ್ತಿದ್ದಕ್ಕೆ ಹನ್ನೊಂದು ವಾರ, ಮೇಲೆ ಮೂರು ರೂಪಾಯಿ ಅವಮಾನ. ಸಾಫ್ಟ್‌ವೇರ್‌ನವರಿಗೂ ಒಂದು ಮಾತು: ಜುಲೈ, ಆಗಸ್ಟ್‌ನಲ್ಲಿ ಮಂಡಿಯ ಕಂಪ್ಯೂಟರ್ ಮುಟ್ಟಬೇಡಿ. ಎಷ್ಟೇ ಚಿಕ್ಕ ಬದಲಾವಣೆ ಇರಲಿ.

ಆಮೇಲೆ ನಾವು 5.2ಕ್ಕೂ ಹತ್ತಿದೆವು. ಈ ಸಲ ಹತ್ತು ದಿನ ಸಾಕಾಯಿತು. ಸಿಕ್ಕಿದ್ದು ಒಂದೇ ಮುಳ್ಳು. 5.0ರಿಂದ ನಾವು ಬೇರೆ ಹೇಳದಿದ್ದರೆ ಸಮಯವನ್ನು ಅದು ಗ್ರೀನಿಚ್ ಲೆಕ್ಕದಲ್ಲಿ ಬರೆದಿಡುತ್ತದೆ, ನಾನು ಆ ಸಾಲನ್ನು ಬರೆದೇ ಇರಲಿಲ್ಲ. ನಮಗೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಟೊಮೆಟೊ ಗಾಡಿಗಳು ರಾತ್ರಿಯಿಡೀ ಬಂದು ಇಳಿಯುತ್ತವಲ್ಲ, ಬೆಳಿಗ್ಗೆ ಐದೂವರೆಗೆ ಮುಂಚೆ ಬಂದ ಮಾಲೆಲ್ಲ ಹಿಂದಿನ ದಿನದ ಆವಕಕ್ಕೆ ಸೇರಿಕೊಂಡಿತು. ಇದು ಮಂಡಿಗೆ ಹೋಗುವ ಮುಂಚೆಯೇ ನಮ್ಮ ಮೇಜಿನ ಮೇಲೆ ಸಿಕ್ಕಿತು. ಯಾಕೆಂದರೆ ಈಗ ಪಟ್ಟಿ ಮಾತ್ರವಲ್ಲ, ಹಮಾಲಿ ಹಾಳೆ, ಆವಕದ ಹಾಳೆ, ಮುಂಗಡದ ಹಾಳೆ ಎಲ್ಲವನ್ನೂ ಹಳೆಯದರ ಪಕ್ಕ ಇಟ್ಟು ನೋಡುತ್ತೇವೆ.

5.2ಕ್ಕೆ 2028ರ ಏಪ್ರಿಲ್‌ವರೆಗೆ ನಿಗಾ ಇದೆ. ಆ ತಾರೀಖನ್ನು ಅಂಗೈಯಗಲದ ಚೀಟಿಯಲ್ಲಿ ಅಚ್ಚು ಹಾಕಿಸಿ, ಅದರೊಳಗೆ ಹೊಸದಕ್ಕೆ ಹತ್ತಿಸಬೇಕು, ಇಷ್ಟು ಖರ್ಚಾಗುತ್ತದೆ ಅಂತ ಬರೆದು ಹನ್ನೊಂದು ಮಂಡಿಗೂ ಕೊಟ್ಟಿದ್ದೇನೆ. ಒಂಬತ್ತು ಮಂದಿ ಗೊಣಗಿ ಒಪ್ಪಿದರು. ಇಬ್ಬರು ಇನ್ನೂ ಯೋಚಿಸುತ್ತಿದ್ದಾರೆ. ಗುಮಾಸ್ತರು ಮಾತ್ರ ಚೀಟಿಯನ್ನು ತಮ್ಮ ಉದ್ದನೆಯ ಪುಸ್ತಕದ ರಟ್ಟಿನ ಒಳಗೆ ಗೋಂದು ಹಾಕಿ ಅಂಟಿಸಿದರು. ಕನ್ನಡಕ ಸರಿಮಾಡಿಕೊಂಡು, 'ಹಮಾಲಿ ಹಾಳೆ ನೋಡಿದೆ ತಾನೆ?' ಅಂದರು.

ಹೆಸರು ಪ್ರಕಟಿಸಬೇಡಿ. ಮಂಡಿಯಲ್ಲಿ ಈಗಾಗಲೇ ನನ್ನನ್ನು 'ಮೂರು ರೂಪಾಯಿ' ಅಂತಲೇ ಕರೆಯುತ್ತಿದ್ದಾರೆ.

ಇಂತಿ ನಿಮ್ಮ ಓದುಗ,
ಮಂಡಿ ಲೆಕ್ಕದ ಪ್ರೋಗ್ರಾಂ ಬರೆಯುವವನು
ಕೋಲಾರ